ಆನೆಯಿಲ್ಲದ ಆನೆ ಬೋನು

ಸಂಜೆ ಹೊತ್ತು. ಮಳೆ ಸ್ವಲ್ಪ ಬಿಟ್ಟಿದೆ. ಗುಡ್ಡದ ಆಚೆಯಿಂದ ಕೋವಿಯ ಸದ್ದು ಕೇಳುತ್ತದೆ. ಒಂದು. ಅದರ ಬೆನ್ನಿಗೇ ಇನ್ನೊಂದು. ಅಂಗಳದಲ್ಲಿದ್ದವರು ಕೈಯ ಕೆಲಸ ಬಿಟ್ಟು ಆ ಕಡೆ ತಿರುಗುತ್ತಾರೆ.

ಕೊಡಗಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಎರಡು. ಗಂಡು ಮಗುವಿಗೆ ಮಾತ್ರ ಯಾಕೆ ಅಂತ ನೀವು ಕೇಳಬಹುದು, ನಾನೂ ಕೇಳಿದ್ದೇನೆ. ಅದು ಬೇರೆ ಜಗಳ, ಇವತ್ತಿಗೆ ಬೇಡ.

ಆ ಎರಡು ಸದ್ದಿನಲ್ಲಿ ಯಾರ ಹೆಸರೂ ಇರಲಿಲ್ಲ. ಆದರೂ ಐದು ನಿಮಿಷದಲ್ಲಿ ಮನೆಯವರಿಗೆ ಯಾರು ಅಂತ ಗೊತ್ತಾಗಿರುತ್ತದೆ. ಸದ್ದು ಬಂದದ್ದು ಹೊಳೆಯ ಆಚೆ ಬದಿಯಿಂದ. ಆ ಬದಿಯಲ್ಲಿ ಇರುವುದು ಮೂರೇ ಮನೆ. ಅದರಲ್ಲಿ ಒಂದು ಮನೆಯ ಅಜ್ಜ ತಿಂಗಳಿಂದ ಮಲಗಿದಲ್ಲೇ ಇದ್ದರು. ನಿನ್ನೆ ರಾತ್ರಿ ಆ ರಸ್ತೆಯಲ್ಲಿ ಎರಡು ಸಲ ಜೀಪ್ ಓಡಾಡಿತ್ತು. ಇಷ್ಟು ಸಾಕು. ಕೊಡೆ ಹಿಡಿದು ಹೊರಡುತ್ತಾರೆ.

ಇದೇ ಕೆಲಸವನ್ನು ಸುತ್ತ ಬೇಲಿ ಹಾಕಿ, ಪಾಳಿಯ ಮೇಲೆ ನೂರಾರು ಜನರನ್ನು ಕೂರಿಸಿ, ಹಗಲು ರಾತ್ರಿ ಮಾಡಿದರೆ ಅದಕ್ಕೆ ಸಿಗ್ನಲ್ಸ್ ಇಂಟೆಲಿಜೆನ್ಸ್ ಅನ್ನುತ್ತಾರೆ. ಆ ವಲಯದವರು ಚಿಕ್ಕದಾಗಿ ಸಿಗಿಂಟ್ ಅನ್ನುತ್ತಾರೆ. ಬೇರೆ ದೇಶದ ರೇಡಿಯೋ, ರೇಡಾರ್, ಫೋನ್ ಅಲೆಗಳನ್ನು ಹಿಡಿದು ಅರ್ಥ ಮಾಡಿಕೊಳ್ಳುವ ಸರ್ಕಾರಿ ಕೆಲಸ. ಹೆಡ್‌ಫೋನ್ ಹಾಕಿಕೊಂಡ ಯಾರೋ ಕತ್ತಲೆ ಕೋಣೆಯಲ್ಲಿ ಕೂತು ಗುಟ್ಟಿನ ಮಾತು ಕೇಳಿಸಿಕೊಳ್ಳುತ್ತಾರೆ ಅಂತ ನಾವು ಅಂದುಕೊಂಡಿರುತ್ತೇವೆ. ಅದೂ ಇದೆ. ಆದರೆ ಜಾಸ್ತಿ ಕೆಲಸ ನಡೆಯುವುದು ಮಾತು ಅರ್ಥವಾಗುವ ಮೊದಲೇ. ಎಲ್ಲಿಂದ, ಯಾರಿಂದ, ಯಾವಾಗ, ಎಷ್ಟು ಸಲ ಎಂಬುದರಲ್ಲಿ.

ಇದನ್ನು ನೋಡಲು ಒಳ್ಳೆಯ ಜಾಗ ಜಪಾನಿನ ಮಿಸಾವಾ. ಅಲ್ಲೊಂದು ಆನೆ ಬೋನು ಇತ್ತು.

ಮಿಸಾವಾ ಇರುವುದು ಜಪಾನಿನ ದೊಡ್ಡ ದ್ವೀಪವಾದ ಹೊನ್ಶುವಿನ ಉತ್ತರ ತುದಿಯ ಕಡೆ. ಅಲ್ಲಿ ಅಮೆರಿಕದ ವಾಯುನೆಲೆ ಇದೆ. ಯುದ್ಧವಿಮಾನಗಳು ಹಾರುವುದು ಎಲ್ಲರಿಗೂ ಕಾಣುತ್ತದೆ. ನೆಲೆಯ ಇನ್ನೊಂದು ಪಕ್ಕದಲ್ಲಿ ಸೆಕ್ಯುರಿಟಿ ಹಿಲ್ ಅಂತ ಕರೆಯುವ ಜಾಗವಿದೆ. ಅಲ್ಲಿ 1960ರ ದಶಕದಲ್ಲಿ ಒಂದು ದೈತ್ಯ ಉಂಗುರ ಕಟ್ಟಿದರು. ಕಂಬಗಳ ಸಾಲು, ಅದರ ಹಿಂದೆ ತಂತಿಯ ಎತ್ತರದ ಪರದೆ, ಮತ್ತೆ ಕಂಬಗಳು, ಎಲ್ಲವೂ ವೃತ್ತಾಕಾರ. ಹೊರ ಸುತ್ತಿನ ಅಡ್ಡಳತೆ ಸುಮಾರು 440 ಮೀಟರ್. ಪರದೆಯ ಎತ್ತರ ಹತ್ತು ಮಹಡಿಯಷ್ಟು. ಆ ಉಂಗುರದೊಳಗೆ ಮೂವತ್ತೇಳು ಎಕರೆಯ ಕಾಫಿ ತೋಟ ಹಿಡಿಸುತ್ತದೆ ಅಂದರೆ ನಮಗೆ ಅಂದಾಜು ಸಿಗಬಹುದು.

ಅದರ ಅಧಿಕೃತ ಹೆಸರು ಎಫ್‌ಎಲ್‌ಆರ್-9. ಆ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. ಅಲ್ಲಿನ ಸೈನಿಕರು ಅದನ್ನು ಆನೆ ಬೋನು ಅಂತಲೇ ಕರೆದರು. ದುಬಾರೆಯಲ್ಲಿ ಹೊಸದಾಗಿ ಹಿಡಿದ ಆನೆಯನ್ನು ಕೂಡುವ ಮರದ ದಿಮ್ಮಿಯ ಕ್ರಾಲ್ ನೋಡಿದವರು ನಗಬಹುದು. ನಮ್ಮ ಕ್ರಾಲ್ ಚಿಕ್ಕದು, ಗಟ್ಟಿಯದು, ಒಳಗೆ ನಿಜವಾದ ಆನೆ ಇರುತ್ತದೆ. ಅವರದು ಸಾವಿರ ಆನೆ ನಿಲ್ಲುವಷ್ಟು ದೊಡ್ಡದು, ಒಳಗೆ ಏನೂ ಇಲ್ಲ. ಹಿಡಿಯುತ್ತಿದ್ದುದು ಗಾಳಿಯಲ್ಲಿ ಬರುವ ಅಲೆಯನ್ನು.

ಯಾವ ಅಲೆ? ಇಲ್ಲಿ ಸ್ವಲ್ಪ ರೇಡಿಯೋ ಪಾಠ ಬೇಕು. ಮಡಿಕೇರಿ ಆಕಾಶವಾಣಿಯ ಎಫ್ಎಂ ಕೇಳುತ್ತಾ ಘಾಟಿ ಇಳಿದವರಿಗೆ ಗೊತ್ತು, ಒಂದೆರಡು ತಿರುವು ಕಳೆದರೆ ಹಾಡು ಕರಕರ ಅನ್ನುತ್ತದೆ. ಎಫ್ಎಂ ಅಲೆ ಹೆಚ್ಚೂಕಡಿಮೆ ನೇರವಾಗಿ ಹೋಗುತ್ತದೆ. ನಡುವೆ ಗುಡ್ಡ ಬಂದರೆ ಮುಗಿಯಿತು. ಆದರೆ ನಮ್ಮ ಹಿರಿಯರು ಇದೇ ಗುಡ್ಡಗಳ ನಡುವೆ ಕೂತು ರಾತ್ರಿ ರೇಡಿಯೋ ಸಿಲೋನ್ ಕೇಳುತ್ತಿದ್ದರು. ಅದು ಹೇಗೆ ಬರುತ್ತಿತ್ತು? ಅದು ಶಾರ್ಟ್‌ವೇವ್. ಆ ಅಲೆ ಮೇಲಕ್ಕೆ ಹೋಗಿ, ನೂರಾರು ಕಿಲೋಮೀಟರ್ ಎತ್ತರದಲ್ಲಿರುವ ಅಯಾನುಗೋಲ ಎಂಬ ಪದರಕ್ಕೆ ತಾಗಿ ಮತ್ತೆ ನೆಲಕ್ಕೆ ಬಾಗುತ್ತದೆ. ಕೆರೆಯ ಮೇಲೆ ಎಸೆದ ಚಪ್ಪಟೆ ಕಲ್ಲಿನ ಹಾಗೆ ಜಿಗಿದು ಜಿಗಿದು ಹೋಗುತ್ತದೆ. ಒಂದೊಂದು ಜಿಗಿತಕ್ಕೆ ಸಾವಿರಾರು ಕಿಲೋಮೀಟರ್.

ಉಪಗ್ರಹ ಬರುವ ಮೊದಲು ದೂರದ ಹಡಗು, ಜಲಾಂತರ್ಗಾಮಿ, ಬಾಂಬರ್ ವಿಮಾನಗಳ ಜೊತೆ ಮಾತಾಡಲು ಎಲ್ಲ ಸೇನೆಗಳೂ ಇದನ್ನೇ ನಂಬಿದ್ದವು. ಅನುಕೂಲವೂ ಅದೇ, ಎಡವಟ್ಟೂ ಅದೇ. ನಿಮ್ಮ ಹಡಗಿಗೆ ಕೇಳಿಸಿದ್ದು ಇನ್ನೊಬ್ಬರಿಗೂ ಕೇಳಿಸುತ್ತದೆ. ಸೋವಿಯತ್ ಒಕ್ಕೂಟದ ಪೂರ್ವ ಕರಾವಳಿಗೆ ಹತ್ತಿರವಾದ ಮಿಸಾವಾದಲ್ಲಿ ಆ ಬೋನು ಎದ್ದದ್ದು ಅದಕ್ಕೇ.

ಉಂಗುರ ಮಾಡಿದ್ದು ಯಾಕೆ ಎಂಬುದು ಇದರ ರುಚಿಯಾದ ಭಾಗ. ರಾತ್ರಿ ತೋಟದಲ್ಲಿ ಆನೆ ಘೀಳಿಟ್ಟರೆ ನಿಮಗೆ ಕಣ್ಣು ಮುಚ್ಚಿಕೊಂಡೇ ದಿಕ್ಕು ಗೊತ್ತಾಗುತ್ತದೆ. ಸದ್ದು ಒಂದು ಕಿವಿಗೆ ಕೂದಲೆಳೆಯಷ್ಟು ಮೊದಲು ಮುಟ್ಟುತ್ತದೆ, ಇನ್ನೊಂದಕ್ಕೆ ಆಮೇಲೆ. ಆ ವ್ಯತ್ಯಾಸವನ್ನು ಮಿದುಳು ದಿಕ್ಕಾಗಿ ಓದುತ್ತದೆ. ಆನೆ ಬೋನಿನ ಪ್ರತಿ ಕಂಬವೂ ಒಂದು ಕಿವಿ. ಅಲೆ ಯಾವ ಕಡೆಯಿಂದ ಬಂದಿತೋ ಆ ಕಡೆಯ ಕಂಬಕ್ಕೆ ಮೊದಲು ತಾಗುತ್ತದೆ, ಎದುರು ತುದಿಗೆ ಕೊನೆಗೆ. ರೇಡಿಯೋ ಅಲೆಯ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್. 440 ಮೀಟರ್ ದಾಟಲು ಅದಕ್ಕೆ ಬೇಕಾದದ್ದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದೂವರೆ ಪಾಲು. ಅಷ್ಟರೊಳಗಿನ ಮುಂದು ಹಿಂದನ್ನು ಅಳೆದು, ಉಂಗುರದ ನಟ್ಟನಡುವಿನ ಕಟ್ಟಡದಲ್ಲಿದ್ದ ಯಂತ್ರ ದಿಕ್ಕು ಹೇಳುತ್ತಿತ್ತು. ಡಿಶ್ ಆಂಟೆನಾದ ಹಾಗೆ ತಿರುಗಿಸುವ ತಾಪತ್ರಯವಿಲ್ಲ. ಸುತ್ತ ಎಲ್ಲ ಕಡೆಗೂ ಒಂದೇ ಹೊತ್ತಿಗೆ ಕಿವಿ.

ಈ ಉಪಾಯ ಅಮೆರಿಕದವರ ಸ್ವಂತದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯವರು ಇಂಥ ಉಂಗುರ ಕಟ್ಟಿದ್ದರು. ಗೆದ್ದವರು ಅದನ್ನು ನೋಡಿ ಕಲಿತರು.

ಆದರೆ ದಿಕ್ಕು ಗೊತ್ತಾದ ಮಾತ್ರಕ್ಕೆ ಜಾಗ ಗೊತ್ತಾಗುವುದಿಲ್ಲ. ಆನೆ ಬಿದಿರು ಮೆಳೆಯ ಕಡೆ ಇದೆ ಅನ್ನುತ್ತೀರಿ. ಬೇಲಿಯ ಹತ್ತಿರವೋ, ಆಚೆ ಎಸ್ಟೇಟಿನಲ್ಲೋ? ಆಗ ಪಕ್ಕದ ತೋಟದವರಿಗೆ ಫೋನ್ ಮಾಡುತ್ತೀರಿ. ಅವರು ತಮಗೆ ಕೆರೆಯ ಕಡೆಯಿಂದ ಕೇಳಿಸಿತು ಅನ್ನುತ್ತಾರೆ. ನಿಮ್ಮ ಗೆರೆ, ಅವರ ಗೆರೆ, ಎರಡೂ ಕೂಡುವಲ್ಲಿ ಆನೆ. ರೇಡಿಯೋ ಕಾಲರ್ ಹಾಕಿದ ಆನೆಯನ್ನು ಕೈ ಆಂಟೆನಾ ಹಿಡಿದು ಹುಡುಕುವವರದ್ದೂ ಇದೇ ಲೆಕ್ಕ. ಅಮೆರಿಕ ಇಂಥ ಎಂಟು ಬೋನುಗಳನ್ನು ಕಟ್ಟಿತು. ಇಂಗ್ಲೆಂಡ್, ಇಟಲಿ, ಟರ್ಕಿ, ಜರ್ಮನಿ, ಥಾಯ್ಲೆಂಡ್, ಫಿಲಿಪ್ಪೀನ್ಸ್, ಜಪಾನ್, ಅಲಾಸ್ಕಾ. ಇವು ಒಂದಕ್ಕೊಂದು ಮಾತಾಡಿಕೊಂಡು ಗೆರೆ ಕೂಡಿಸುತ್ತಿದ್ದವು. ಆ ಜಾಲದ ಹೆಸರು ಕಬ್ಬಿಣದ ಕುದುರೆ. ಆನೆ ಬೋನಿಗೆ ಕುದುರೆಯ ಹೆಸರು!

ಗುರಿ ಎಷ್ಟು ಸರಿ ಇರುತ್ತಿತ್ತು ಅನ್ನುವುದಕ್ಕೆ ಒಂದು ಲೆಕ್ಕ ಹಾಕಿ ನೋಡಿ. ಮೂರು ಸಾವಿರ ಕಿಲೋಮೀಟರ್ ದೂರದ ಹಡಗಿನ ದಿಕ್ಕನ್ನು ಒಂದೇ ಒಂದು ಡಿಗ್ರಿ ತಪ್ಪು ಹೇಳಿದರೆ, ಜಾಗ ಐವತ್ತು ಕಿಲೋಮೀಟರಿಗಿಂತ ಜಾಸ್ತಿ ತಪ್ಪುತ್ತದೆ. ಮಡಿಕೇರಿಯಲ್ಲಿದೆ ಅಂದದ್ದು ಶ್ರೀಮಂಗಲದ ಕಡೆ ಇರಬಹುದು. ಬಾಂಬ್ ಹಾಕಲು ಇದು ಸಾಲದು. ಆದರೆ ನಿನ್ನೆ ಬಂದರಿನಲ್ಲಿದ್ದ ಹಡಗು ಇವತ್ತು ನಡುಗಡಲಲ್ಲಿದೆ ಅಂತ ಹೇಳಲು ಸಾಕು.

ಇನ್ನು ಯಾರು ಎಂಬುದು. ಚುಕ್ಕೆ ಗೆರೆಗಳನ್ನು ಕಟಕಟ ಬಾರಿಸಿ ಸಂದೇಶ ಕಳಿಸುವ ಮೋರ್ಸ್ ಕಾಲದಲ್ಲಿ ಪ್ರತಿ ಆಪರೇಟರಿಗೂ ಒಂದು ಕೈ ಗುರುತು ಇರುತ್ತಿತ್ತು. ಒಬ್ಬ ಗೆರೆಯನ್ನು ಎಳೆದು ಬಾರಿಸುತ್ತಾನೆ, ಇನ್ನೊಬ್ಬ ಎರಡು ಚುಕ್ಕೆ ನಡುವೆ ತಡೆಯುತ್ತಾನೆ. ಮಹಾಯುದ್ಧದಲ್ಲಿ ಬ್ರಿಟಿಷ್ ಕೇಳುಗರು ಜರ್ಮನ್ ಆಪರೇಟರುಗಳನ್ನು ಹೀಗೇ ಗುರುತು ಹಿಡಿಯುತ್ತಿದ್ದರು. ಸಂದೇಶದ ಒಂದಕ್ಷರ ತಿಳಿಯದಿದ್ದರೂ, ಈ ಕೈಯವನು ಊರು ಬದಲಿಸಿದ್ದಾನೆ, ಅಂದರೆ ಅವನ ರೆಜಿಮೆಂಟೂ ಬದಲಿಸಿದೆ ಅಂತ ಲೆಕ್ಕ ಹಾಕುತ್ತಿದ್ದರು. ಕೊಡಗಿನಲ್ಲಿ ಹತ್ತು ಮನೆ ತಿರುಗಿದರೆ ಸೇನೆಯಿಂದ ನಿವೃತ್ತರಾದ ಒಬ್ಬರಾದರೂ ಸಿಗುತ್ತಾರೆ. ಸಿಗ್ನಲ್ಸ್‌ನಲ್ಲಿದ್ದ ಹಳಬರು ಸಿಕ್ಕರೆ ಈ ಕೈ ಗುರುತಿನ ವಿಷಯ ಸುಮ್ನೆ ತೆಗೆದು ನೋಡಿ. ಕೇಳಿಸಿಕೊಂಡದ್ದು ಏನು ಅಂತ ಕೇಳಬೇಡಿ, ಅದನ್ನು ಅವರು ಹೇಳುವುದಿಲ್ಲ.

ಸಂಕೇತ ಒಡೆದು ಒಳಗಿನ ಮಾತು ಓದುವುದು ಈ ಎಲ್ಲದರ ಕೊನೆಗೆ. ಅಲ್ಲೂ ಅರ್ಧ ಕೆಲಸ ಊಹೆಯದ್ದು. 1942ರ ಮೇ ತಿಂಗಳು. ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆಯ ನೆಲಮಾಳಿಗೆಯಲ್ಲಿ ಅಮೆರಿಕದ ಒಂದು ತಂಡ ಜಪಾನಿ ನೌಕಾಪಡೆಯ ಸಂಕೇತವನ್ನು ಚೂರುಪಾರು ಒಡೆದಿತ್ತು. ಜಪಾನ್ ಎಎಫ್ ಎಂಬ ಜಾಗದ ಮೇಲೆ ದಾಳಿ ಮಾಡಲಿದೆ ಅಂತ ಗೊತ್ತಾಯಿತು. ಎಎಫ್ ಎಲ್ಲಿ? ಮಿಡ್‌ವೇ ದ್ವೀಪ ಅಂತ ಇವರ ಊಹೆ. ದೆಹಲಿಗೆ ಬೆಂಗಳೂರಿನ ಮೇಲೆ ನಂಬಿಕೆ ಇಲ್ಲದ ಹಾಗೆ, ವಾಷಿಂಗ್ಟನ್‌ಗೆ ಇವರ ಮೇಲೆ ನಂಬಿಕೆ ಇಲ್ಲ. ಆಗ ಒಂದು ಕುತಂತ್ರ ಮಾಡಿದರು. ನೀರು ಶುದ್ಧ ಮಾಡುವ ಯಂತ್ರ ಕೆಟ್ಟಿದೆ ಅಂತ ಮಿಡ್‌ವೇಯಿಂದ ಬಿಚ್ಚು ಭಾಷೆಯಲ್ಲೇ ರೇಡಿಯೋ ಸಂದೇಶ ಕಳಿಸಲು ಹೇಳಿದರು. ಸ್ವಲ್ಪದರಲ್ಲೇ ಜಪಾನಿನ ಗುಪ್ತ ಸಂದೇಶವೊಂದು ಸಿಕ್ಕಿತು. ಎಎಫ್‌ನಲ್ಲಿ ನೀರಿಗೆ ತೊಂದರೆ ಇದೆ! ಜೂನ್ 4ರಂದು ಜಪಾನಿ ಹಡಗುಗಳು ಬಂದಾಗ ಅಮೆರಿಕದ ವಿಮಾನವಾಹಕ ನೌಕೆಗಳು ಕಾದು ಕೂತಿದ್ದವು.

ಕೇಳಿಸಿಕೊಳ್ಳುವವರು ಗೆದ್ದ ಕಥೆ ಇದು. ಅರ್ಧ ಕೇಳಿಸಿದ್ದರ ಕಥೆ ಇನ್ನೊಂದು ಇದೆ.

1983ರ ಸೆಪ್ಟೆಂಬರ್ 1. ನ್ಯೂಯಾರ್ಕ್‌ನಿಂದ ಅಲಾಸ್ಕಾ ಮೂಲಕ ಸೋಲ್‌ಗೆ ಹೊರಟಿದ್ದ ಕೊರಿಯನ್ ಏರ್‌ಲೈನ್ಸ್ ವಿಮಾನ ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ನುಗ್ಗಿತು. ಸಖಾಲಿನ್ ದ್ವೀಪದ ಹತ್ತಿರ ಸೋವಿಯತ್ ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. 269 ಜನ ಸತ್ತರು. ಮೊದಮೊದಲು ಮಾಸ್ಕೋ ಒಪ್ಪಿಕೊಳ್ಳಲೇ ಇಲ್ಲ. ಆದರೆ ಸಖಾಲಿನ್‌ನಿಂದ ಬರೀ 43 ಕಿಲೋಮೀಟರ್ ಈಚೆಗೆ, ಜಪಾನಿನ ತುತ್ತತುದಿಯ ವಕ್ಕನಾಯ್‌ನಲ್ಲಿ, ಕೇಳುವ ಕೇಂದ್ರವೊಂದಿತ್ತು. ಗುರಿ ನಾಶವಾಯಿತು ಅಂತ ಪೈಲಟ್ ಹೇಳಿದ್ದು ಅಲ್ಲಿನ ಟೇಪಿನಲ್ಲಿ ಸಿಕ್ಕಿತು. ಸೆಪ್ಟೆಂಬರ್ 6ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಆ ಟೇಪ್ ಹಾಕಿ ಕೇಳಿಸಿದರು.

ಆ ಟೇಪಿನಲ್ಲಿ ಇದ್ದದ್ದು ಪೈಲಟ್‌ಗಳ ಮಾತು ಮಾತ್ರ. ಯುದ್ಧವಿಮಾನದ ರೇಡಿಯೋ ನಮ್ಮ ಎಫ್ಎಂ ಹಾಗೆ, ನೇರ ಹೋಗುತ್ತದೆ. ಮೇಲೆ ಹಾರುವವನ ದನಿ ಸಮುದ್ರ ದಾಟಿ ಕೇಳಿಸಿತು. ನೆಲದ ಮೇಲೆ ಕೂತು ಅಪ್ಪಣೆ ಕೊಟ್ಟವನ ದನಿ ಕೇಳಿಸಲಿಲ್ಲ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ರಷ್ಯಾ ತನ್ನ ಕಡೆಯ ಟೇಪುಗಳನ್ನು ಕೊಟ್ಟಿತು. ನೆಲದ ಮೇಲಿದ್ದವರು ಅದನ್ನು ಅಮೆರಿಕದ ಬೇಹುಗಾರಿಕೆ ವಿಮಾನ ಅಂದುಕೊಂಡಿದ್ದರು ಅಂತ ಗಟ್ಟಿಯಾದದ್ದು 1993ರಲ್ಲಿ, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ವರದಿಯಲ್ಲಿ. ಕೊಂದದ್ದು ಅದರಿಂದ ಸರಿಯಾಗುವುದಿಲ್ಲ. ಆದರೆ ಹತ್ತು ವರ್ಷ ಜಗತ್ತು ಒಂದು ಕಡೆಯ ಮಾತನ್ನೇ ಕೇಳಿತ್ತು.

ನಮ್ಮ ಮನೆಗೂ ಬಂದ ಕಥೆ ಕಾರ್ಗಿಲ್‌ದು. 1999ರ ಮೇ 26 ಮತ್ತು 29. ಪಾಕಿಸ್ತಾನದ ಸೇನಾ ಮುಖ್ಯಸ್ಥ ಪರ್ವೇಜ್ ಮುಷರಫ್ ಬೀಜಿಂಗ್‌ನಲ್ಲಿದ್ದರು. ರಾವಲ್ಪಿಂಡಿಯಲ್ಲಿದ್ದ ಲೆಫ್ಟಿನೆಂಟ್ ಜನರಲ್ ಮೊಹಮ್ಮದ್ ಅಜೀಜ್ ಜೊತೆ ಫೋನಿನಲ್ಲಿ ಮಾತಾಡಿದರು. ಭಾರತದ ಗುಪ್ತಚರರು ಅದನ್ನು ಹಿಡಿದರು. ಗುಡ್ಡದ ಮೇಲಿರುವವರು ಮುಜಾಹಿದೀನ್‌ಗಳು, ನಮಗೂ ಅವರಿಗೂ ಸಂಬಂಧವಿಲ್ಲ ಅಂತ ಪಾಕಿಸ್ತಾನ ಹೇಳುತ್ತಿದ್ದ ಹೊತ್ತು ಅದು. ಜೂನ್ 11ರಂದು ಭಾರತ ಆ ಮಾತುಕತೆಯನ್ನು ಬಹಿರಂಗ ಮಾಡಿತು.

ಮಾಡಬೇಕಿತ್ತಾ? ಈ ವಾದ ಇನ್ನೂ ಮುಗಿದಿಲ್ಲ. ಜಗತ್ತಿಗೆ ಸತ್ಯ ತೋರಿಸಿದೆವು ಅನ್ನುವವರು ಒಂದು ಕಡೆ. ಕಿವಿ ಎಲ್ಲಿದೆ ಅಂತ ಶತ್ರುವಿಗೆ ತೋರಿಸಿಬಿಟ್ಟೆವು, ಅವನು ಮಾರನೇ ದಿನವೇ ಲೈನ್ ಬದಲಿಸುತ್ತಾನೆ ಅನ್ನುವವರು ಇನ್ನೊಂದು ಕಡೆ. ನನಗನ್ನಿಸುವುದು, ಆ ಹೊತ್ತಿಗೆ ಅದು ಸರಿ. ಬಾವಿಯಿಂದ ನೀರು ಸೇದದೆ ಇಟ್ಟುಕೊಳ್ಳುವುದು ಯಾವ ಬೇಸಿಗೆಗೆ?

ಇಂಥ ಕೇಂದ್ರಗಳು ಸೇನಾ ನೆಲೆಯೊಳಗೇ ಯಾಕಿರುತ್ತವೆ? ಬೇಲಿ, ಕಾವಲು, ವಿದ್ಯುತ್, ಮನೆ, ಆಸ್ಪತ್ರೆ ಎಲ್ಲ ಅಲ್ಲಿ ಮೊದಲೇ ಇರುತ್ತವೆ. ಸುತ್ತ ಖಾಲಿ ಜಾಗ ಬೇಕು, ಯಾಕೆಂದರೆ ಪಕ್ಕದ ಕಾರ್ಖಾನೆಯ ಮೋಟಾರಿನ ಗಲಾಟೆಯೂ ಆಂಟೆನಾಗೆ ಕೇಳಿಸುತ್ತದೆ. ಇನ್ನೂ ಒಂದು ಅನುಕೂಲವಿದೆ. ನೆಲೆಯ ಬೋರ್ಡಿನ ಹಿಂದೆ ಬೇರೆ ಕೆಲಸ ಅಡಗಿಸಬಹುದು. ಅಮೆರಿಕದ ರಾಷ್ಟ್ರೀಯ ಭದ್ರತಾ ಏಜೆನ್ಸಿ ಹುಟ್ಟಿದ್ದು 1952ರಲ್ಲಿ. ಅದರ ಮುಖ್ಯ ಕಚೇರಿ ಇರುವುದು ಮೇರಿಲ್ಯಾಂಡ್‌ನ ಫೋರ್ಟ್ ಮೀಡ್ ಎಂಬ ಸೇನಾ ನೆಲೆಯೊಳಗೆ. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಕುರಿ ಮೇಯುವ ಗುಡ್ಡದ ಮೇಲೆ ಬಿಳಿ ಗುಮ್ಮಟಗಳ ಸಾಲಿದೆ, ದೂರಕ್ಕೆ ದೈತ್ಯ ಗಾಲ್ಫ್ ಚೆಂಡಿನ ಹಾಗೆ ಕಾಣುತ್ತದೆ. ಹೆಸರು ಆರ್‌ಎಎಫ್ ಮೆನ್ವಿತ್ ಹಿಲ್. ಬ್ರಿಟಿಷ್ ವಾಯುಪಡೆಯ ಹೆಸರು, ಒಳಗೆ ಮುಖ್ಯವಾಗಿ ಅಮೆರಿಕದವರ ಕೆಲಸ. ಆ ಗುಮ್ಮಟ ಡಿಶ್‌ಗೆ ಮಳೆ ಗಾಳಿ ತಾಗದ ಹಾಗೆ ಹಾಕಿದ ಹೊದಿಕೆ. ಡಿಶ್ ಯಾವ ಉಪಗ್ರಹದ ಕಡೆ ಮುಖ ಮಾಡಿದೆ ಅಂತ ಹೊರಗಿನವರಿಗೆ ಕಾಣದಿರಲಿ ಎಂಬುದೂ ಇದೆ.

ಹೆಸರಿನ ಆಟ ನಮ್ಮಲ್ಲೂ ನಡೆದಿದೆ. ಮಹಾಯುದ್ಧದ ಕಾಲದಲ್ಲಿ ದೆಹಲಿಯ ಆನಂದ ಪರ್ಬತ್‌ನಲ್ಲಿ ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್ ಅಂತ ಒಂದಿತ್ತು. ಪ್ರಯೋಗವೂ ಇಲ್ಲ, ಪಾಠವೂ ಇಲ್ಲ. ಜಪಾನಿ ಸೇನೆಯ ಸಂದೇಶ ಹಿಡಿದು ಒಡೆಯುವುದೇ ಕೆಲಸ. ಅದರ ಒಂದು ಶಾಖೆ ಬಂಗಾಳದ ಬ್ಯಾರಕ್‌ಪುರದಲ್ಲಿತ್ತು, ಇನ್ನೊಂದು ನಮ್ಮ ಬೆಂಗಳೂರಿನಲ್ಲಿ.

ಆನೆ ಬೋನುಗಳ ಕಾಲ ಮುಗಿಯಿತು. ಸೇನೆಗಳು ಶಾರ್ಟ್‌ವೇವ್ ಕಡಿಮೆ ಮಾಡಿ ಉಪಗ್ರಹಕ್ಕೆ, ಆಪ್ಟಿಕಲ್ ಫೈಬರಿಗೆ ಹೋದವು. ಫೈಬರಿನೊಳಗಿನ ಬೆಳಕು ಅಯಾನುಗೋಲಕ್ಕೆ ಜಿಗಿಯುವುದಿಲ್ಲ, ಎಷ್ಟು ದೊಡ್ಡ ಉಂಗುರ ಕಟ್ಟಿದರೂ ಕೈಗೆ ಸಿಗುವುದಿಲ್ಲ. ಕೇಳುವವರು ಕೇಬಲ್ ಇರುವಲ್ಲಿಗೇ ಹೋಗಬೇಕಾಯಿತು. ಮಿಸಾವಾದ ಬೋನನ್ನು 2014ರಲ್ಲಿ ಕೆಡವತೊಡಗಿದರು. ಅಲಾಸ್ಕಾದ್ದು 2016ರಲ್ಲಿ ಕೆಲಸ ನಿಲ್ಲಿಸಿತು.

ಬೋನು ಹೋಯಿತು, ಲೆಕ್ಕ ಉಳಿಯಿತು. 2013ರಲ್ಲಿ, ಅಮೆರಿಕದ ರಾಷ್ಟ್ರೀಯ ಭದ್ರತಾ ಏಜೆನ್ಸಿಗೆ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳ ಪ್ರಕಾರ, ಆ ಏಜೆನ್ಸಿ ಆ ವರ್ಷದ ಮಾರ್ಚ್ ಒಂದೇ ತಿಂಗಳಲ್ಲಿ ಭಾರತದಿಂದ 630 ಕೋಟಿ ಮಾಹಿತಿ ತುಣುಕು ಎತ್ತಿಕೊಂಡಿತ್ತು. 630 ಕೋಟಿ ಮಾತು ಕೇಳಿದರು ಅಂತ ಅಂದುಕೊಳ್ಳಬೇಡಿ. ಅಷ್ಟನ್ನು ಕೇಳಲು ಯಾರಿಗೆ ಪುರುಸೊತ್ತಿದೆ? ಇಂಥ ರಾಶಿಯಲ್ಲಿ ಬಹುಪಾಲು ಮೆಟಾಡೇಟಾ. ಯಾವ ನಂಬರಿನಿಂದ ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಯಾವ ಟವರ್ ಕೆಳಗಿಂದ.

ಮಾತು ಕೇಳಿಸಿಕೊಂಡಿಲ್ಲವಲ್ಲ, ಬಿಡಿ ಅಂತ ಸರ್ಕಾರಗಳು ಇದನ್ನು ಹಗುರ ಮಾಡುತ್ತವೆ. ನಾನು ಒಪ್ಪುವುದಿಲ್ಲ. ಒಂದು ಮನೆಯಿಂದ ಬೆಳಗಿನ ಜಾವ ನಾಲ್ಕಕ್ಕೆ ಡಾಕ್ಟರಿಗೆ ಫೋನ್ ಹೋಗುತ್ತದೆ. ಹತ್ತು ನಿಮಿಷ ಬಿಟ್ಟು ಆಂಬುಲೆನ್ಸ್‌ಗೆ. ಆರಕ್ಕೆ ಬೆಂಗಳೂರಿನ ಮಗನಿಗೆ, ಆಮೇಲೆ ದುಬೈಯ ಮಗಳಿಗೆ, ಆಮೇಲೆ ಒಂದಾದ ಮೇಲೊಂದರಂತೆ ನಲವತ್ತು ಕರೆ. ಒಂದು ಮಾತೂ ಕೇಳಿಸಿಲ್ಲ. ಏನಾಯಿತು ಅಂತ ನಿಮಗೂ ಗೊತ್ತಾಯಿತು, ಅಲ್ವಾ? ಹೊಳೆಯ ಆಚೆ ಎರಡು ಗುಂಡು.

ವ್ಯತ್ಯಾಸ ಒಂದಿದೆ. ಗುಂಡು ಹಾರಿಸಿದ ಮನೆಯವರಿಗೆ ಊರು ಕೇಳಲಿ ಎಂಬ ಇಷ್ಟವಿತ್ತು. ಕೇಳಿಸಿಕೊಂಡವರು ಕೊಡೆ ಹಿಡಿದು ಮನೆಗೇ ಬಂದರು.

ಥಾಯ್ಲೆಂಡಿನ ಬೋನು ಇದ್ದದ್ದು ಉಡೋನ್ ಥಾನಿ ಎಂಬ ಊರಿನ ಹತ್ತಿರ, ರಾಮಸೂನ್ ಕ್ಯಾಂಪಿನಲ್ಲಿ. ವಿಯೆಟ್ನಾಂ ಯುದ್ಧ ಮುಗಿದ ಮೇಲೆ ಅಮೆರಿಕದವರು ಬಿಟ್ಟು ಹೋದರು. ಈಗ ಅಲ್ಲೊಂದು ಮ್ಯೂಸಿಯಂ ಇದೆ. ಆಗ ಪಾಸ್ ಇಲ್ಲದೆ ಯಾರೂ ಇಳಿಯಲಾಗದಿದ್ದ ಸುರಂಗದೊಳಗೆ ಈಗ ಮಕ್ಕಳನ್ನು ಕರೆದುಕೊಂಡು ನಡೆಯಬಹುದು.